ಸ್ವಂತ ಸಾರಿನ ಉಮೇದುವಾರ

ದಾರಿ ತಪ್ಪಿದವರಿಗೆ ಮಾತ್ರ ಸಿಗುವ ಊರೊಂದಿತ್ತು. ದಾರಿ ಬಲ್ಲವರು ಎಷ್ಟು ನಡೆದರೂ ಅದರ ಪಕ್ಕದಲ್ಲೇ ಹಾದುಹೋಗಿಬಿಡುತ್ತಿದ್ದರು. ಉಳಿದಂತೆ ಅಲ್ಲಿ ಎಲ್ಲವೂ ನಮ್ಮ ನಿಮ್ಮ ಊರಿನ ಹಾಗೆಯೇ. ಬಾವಿಯಲ್ಲಿ ನೀರು, ಒಲೆಯಲ್ಲಿ ಬೆಂಕಿ, ಅಳಿಯಂದಿರ ಮೂಗಿನ ತುದಿಯಲ್ಲಿ ಕೋಪ. ಅಧ್ಯಕ್ಷರನ್ನು ಆರಿಸುವ ವಿಷಯದಲ್ಲಿ ಮಾತ್ರ ಒಂದು ವಿಚಿತ್ರ ಕಟ್ಟಳೆ ಇತ್ತು.

ಅಧ್ಯಕ್ಷನಾಗಬೇಕು ಎನ್ನುವವನು ಚಾವಡಿಯ ಮುಂದೆ ಒಂದು ಕೊಪ್ಪರಿಗೆ ತಂದಿಡಬೇಕು. ಕೊಪ್ಪರಿಗೆ ಎಂದರೆ ಸಣ್ಣ ಪಾತ್ರೆಯಲ್ಲ, ಮದುವೆಮನೆಯ ಹಂಡೆಗೂ ಅಪ್ಪ. ಆಮೇಲೆ ಅವನು ಮನೆ ಮನೆಗೆ ಹೋಗಿ ಸಾರು ಬೇಡಬೇಕು. ಅವನನ್ನು ಮೆಚ್ಚಿದವರು ತಮ್ಮ ಮನೆಯ ಸಾರನ್ನು ಒಂದು ಸೌಟು ತಂದು ಆ ಕೊಪ್ಪರಿಗೆಗೆ ಹುಯ್ಯುತ್ತಾರೆ. ಬೇಳೆ ಸಾರು, ಹುರುಳಿ ಸಾರು, ಬಸ್ಸಾರು, ಬಡವರ ಮನೆಯ ಬರೀ ಹುಣಸೆನೀರು, ಎಲ್ಲವೂ ಅದರಲ್ಲೇ. ಯಾರ ಕೊಪ್ಪರಿಗೆ ಅಂಚಿನವರೆಗೆ ತುಂಬಿತೋ ಅವನು ಅಧ್ಯಕ್ಷ. ಆದರೆ ಬಿಟ್ಟಿ ಸಾರು ಯಾವ ಊರಿನಲ್ಲೂ ಸಿಗುವುದಿಲ್ಲ. ಒಂದು ಸೌಟು ಕೊಟ್ಟವರಿಗೆ ಒಂದು ಸಲ ಅಧ್ಯಕ್ಷರ ಕಿವಿ ಹಿಂಡುವ ಹಕ್ಕು.

ಊರಿನ ಡಂಗುರದವನು ಈ ಕಟ್ಟಳೆಯನ್ನು ತಮಟೆ ಬಡಿದು ಸಾರುತ್ತಿದ್ದ.

“ಕೊಪ್ಪರಿಗೆ ತುಂಬಬೇಕು. ಕೊಟ್ಟವರು ಹಿಂಡಬೇಕು. ಹಿಂಡಿದವರು ದೂರು ಹೇಳಬೇಕು. ಹೇಳಿದ್ದು ಆಗಬೇಕು. ಆಗದಿದ್ದರೆ ಅಧ್ಯಕ್ಷ ಇಳಿಯಬೇಕು.”

ಹೀಗಾಗಿ ಆ ಊರಿನಲ್ಲಿ ಕಷ್ಟ ಹೇಳಿಕೊಳ್ಳುವುದಕ್ಕೂ ಒಂದು ಮರ್ಯಾದೆ ಇತ್ತು. ಅಧ್ಯಕ್ಷರ ಕಿವಿ ಕೈಯಲ್ಲಿ ಹಿಡಿದೇ ಹೇಳಬೇಕು. ಕಿವಿ ಹಿಡಿಯದೆ ದೂರು ಹೇಳುವುದೆಂದರೆ ಪರರ ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡು ನುಗ್ಗಿದ ಹಾಗೆ. ಮಾನವಂತರು ಯಾರೂ ಹಾಗೆ ಮಾಡುತ್ತಿರಲಿಲ್ಲ. ಕೆಂಪಗೆ ಊದಿಕೊಂಡ ಕಿವಿಯೇ ಅಧ್ಯಕ್ಷನಿಗೆ ಭೂಷಣ. ಹೆಣ್ಣು ಕೊಡುವವರು ಕೂಡ, “ಅವರ ತಾತ ಅಧ್ಯಕ್ಷರಾಗಿದ್ದರಂತೆ, ಕಿವಿ ಹೆಗಲಿಗೆ ತಾಗ್ತಿತ್ತಂತೆ,” ಎಂದು ಹೇಳಿಕೊಂಡು ಹಿಗ್ಗುತ್ತಿದ್ದರು.

ಇಂಥ ಊರಿನಲ್ಲಿ ಬೇಳೆ ಮಂಡಿಯ ಸಾಹುಕಾರನೊಬ್ಬನಿದ್ದ. ಅವನಿಗೆ ಅಧ್ಯಕ್ಷನಾಗುವ ಆಸೆ ಹುಟ್ಟಿತು. ಆಸೆ ಹುಟ್ಟಿದ ದಿನದಿಂದ ಊರು ಅವನನ್ನು ಉಮೇದುವಾರ ಎಂದೇ ಕರೆಯಿತು, ನಾವೂ ಹಾಗೇ ಕರೆಯೋಣ.

ಉಮೇದುವಾರನಿಗೆ ಬೇಕಾದದ್ದೆಲ್ಲ ಇತ್ತು. ಬೇಳೆ ಇತ್ತು, ಹುಣಸೆಹಣ್ಣಿತ್ತು, ಮಾತಿತ್ತು, ಮಾತಿಗೆ ತಲೆದೂಗುವ ಗುಮಾಸ್ತರಿದ್ದರು. ಅಡ್ಡಿಯಾದದ್ದು ಅವನ ಕಿವಿಗಳೇ. ಅಷ್ಟು ಚೆಂದದ ಕಿವಿಗಳು ಆ ಊರಿನಲ್ಲಿ ಬೇರೆ ಯಾರಿಗೂ ಇರಲಿಲ್ಲ. ಅಂಚು ಮಡಿಚಿದ ಕರಿಗಡುಬಿನಂತೆ ನುಣುಪು, ಒಂದು ಸುಕ್ಕಿಲ್ಲ, ಒಂದು ಗೀರಿಲ್ಲ. ಅವನ ತಾಯಿ ಎಣ್ಣೆನೀರು ಹಾಕುವಾಗಲೂ ಕಿವಿಯನ್ನು ಹೂವಿನಂತೆ ಮುಟ್ಟುತ್ತಿದ್ದಳು. ಶಾಲೆಯ ಮೇಷ್ಟ್ರು ಊರಿನ ಮಕ್ಕಳ ಕಿವಿಯನ್ನೆಲ್ಲ ಹಿಂಡಿದರೂ ಇವನ ಕಿವಿಯ ಹತ್ತಿರ ಬಂದಾಗ, ಇವನಪ್ಪ ಮನೆಗೆ ಕಳಿಸಿದ ತೊಗರಿಬೇಳೆ ನೆನಪಾಗಿ, ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಹುಟ್ಟಿದಾರಭ್ಯ ಯಾರ ಕೈಗೂ ಸಿಗದ ಕಿವಿಗಳು ಅವು. ಅಂಥವನ್ನು ಹೋಗಿ ಹೋಗಿ ಕುಂಬಾರಬೀದಿಯ ಒರಟು ಬೆರಳುಗಳಿಗೆ ಕೊಡುವುದೆಂದರೆ ಉಮೇದುವಾರನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಅದಕ್ಕೆ ಸರಿಯಾಗಿ ಹಿಂದಿನ ಅಧ್ಯಕ್ಷನ ಪಾಡು ಕಣ್ಣೆದುರೇ ಇತ್ತು. ಕಟ್ಟಳೆ ಮಾಡಿದ ಹಿರಿಯರು ಸೌಟಿನ ಅಳತೆ ಹೇಳುವುದನ್ನು ಮರೆತಿದ್ದರು. ಎಣ್ಣೆ ವರ್ತಕರು ಇದನ್ನು ಕಂಡುಕೊಂಡು ದೋಣಿಯಷ್ಟು ದೊಡ್ಡ ಸೌಟು ಮಾಡಿಸಿ, ಎತ್ತುಗಳಿಂದ ಎಳೆಸಿಕೊಂಡು ಬಂದು, ಒಂದೇ ಏಟಿಗೆ ಅವನ ಕೊಪ್ಪರಿಗೆ ತುಂಬಿಸಿಬಿಟ್ಟರು. ಆಮೇಲೆ ಹಿಡಿದ ಕಿವಿ ಬಿಡಲೇ ಇಲ್ಲ. ಸೌಟು ದೊಡ್ಡದಾದರೆ ಹಿಂಡುವುದೂ ದೊಡ್ಡದಾಗಬೇಕಲ್ಲ ಎಂದು ಅವರ ವಾದ. ಪಾಪ, ಆ ಅಧ್ಯಕ್ಷ ಊಟಕ್ಕೆ ಕೂತರೂ ಒಬ್ಬ ಎಣ್ಣೆ ವರ್ತಕ ಪಕ್ಕದಲ್ಲಿ ಕಿವಿ ಹಿಡಿದು ಕೂತಿರುತ್ತಿದ್ದ. ಕೊನೆಗೆ ಅವನ ಕತ್ತು ಒಂದೇ ಕಡೆಗೆ ವಾಲಿಹೋಗಿ, ಪ್ರಪಂಚವೇ ಎಣ್ಣೆಗಾಣದ ಕಡೆ ಜಾರುತ್ತಿದೆ ಎಂದು ಹೇಳತೊಡಗಿದ.

ಇದೆಲ್ಲ ನೋಡಿ ಉಮೇದುವಾರ ಒಂದು ಉಪಾಯ ಮಾಡಿದ. ಚಾವಡಿಯ ಕಟ್ಟೆ ಹತ್ತಿ ನಿಂತು ಊರಿಗೆಲ್ಲ ಕೇಳುವಂತೆ ಹೇಳಿದ.

“ನನ್ನ ಕೊಪ್ಪರಿಗೆ ನಾನೇ ತುಂಬಿಸ್ಕೊತೀನಿ. ನಿಮ್ಮ ಯಾರ ಮನೆ ಸಾರೂ ನನಗೆ ಬೇಡ. ನನ್ನ ಸಾರು ನನ್ನದು, ನನ್ನ ಕಿವಿ ನನ್ನದು.”

ಜನ ಚಪ್ಪಾಳೆ ತಟ್ಟಿದರು. ತಟ್ಟದೆ ಏನು ಮಾಡುತ್ತಾರೆ, ಎಣ್ಣೆ ವರ್ತಕರ ಕೈಯಲ್ಲಿ ಸಿಕ್ಕ ಕಿವಿ ನೋಡಿ ನೋಡಿ ಅವರಿಗೂ ಸಾಕಾಗಿತ್ತು. “ಯಾರ ಹಂಗೂ ಇಲ್ಲದ ಗಂಡಸು ಬಂದ,” ಎಂದರು ಕೆಲವರು. “ನಮ್ಮ ಮನೆ ಸಾರೂ ಉಳೀತು,” ಎಂದರು ಇನ್ನು ಕೆಲವರು. ಹಪ್ಪಳ ಮಾರುವ ಮುದುಕಿಯೊಬ್ಬಳು ಮಾತ್ರ ತನ್ನ ಮೊರದಲ್ಲಿದ್ದ ಹಪ್ಪಳಗಳನ್ನು ಮಗುಚಿ ಹಾಕಿದಳು.

ಉಮೇದುವಾರ ಡಂಗುರದವನನ್ನು ಮನೆಗೆ ಕರೆಸಿಕೊಂಡ.

“ಏನಯ್ಯಾ, ನಮ್ಮ ಅಡುಗೆಯವನು ಸಾರು ಮಾಡ್ತಾನೆ, ನಮ್ಮ ಆಳುಗಳು ಹುಯ್ತಾರೆ. ಕಟ್ಟಳೆಗೆ ಏನಾದ್ರೂ ಅಡ್ಡಿಯಿದೆಯೋ?”

“ಅಡ್ಡಿಯಿಲ್ಲ ಧಣಿ. ಅಡುಗೆಯವನು ಮಾಡಿದ್ರೆ ಅಡುಗೆಯವನು ಕಿವಿ ಹಿಂಡ್ತಾನೆ. ಆಳು ಹುಯ್ದರೆ ಆಳು ಹಿಂಡ್ತಾನೆ.”

“ಬೇಳೆ ನಂದಲ್ವೇನಯ್ಯಾ?”

“ಬೇಳೆ ನಿಮ್ಮದೇ ಧಣಿ. ಕೈ ಅವರದು. ಯಾರ ಕೈ ಸಾರಿಗೆ ಸೇರ್ತೋ ಆ ಕೈಗೆ ಕಿವಿ ಸೇರ್ತದೆ.”

ಉಮೇದುವಾರ ತನ್ನ ಕಿವಿಗಳನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಪಂಚೆ ಎತ್ತಿ ಕಟ್ಟಿ ಅಡುಗೆಮನೆಗೆ ನಡೆದ. ಹುಟ್ಟಿದ ಮೇಲೆ ಆ ಮನೆಯ ಅಡುಗೆಮನೆ ಯಾವ ದಿಕ್ಕಿಗಿದೆ ಎಂದು ಅವನು ಹೆಂಡತಿಯನ್ನು ಕೇಳಿದ್ದು ಅದೇ ಮೊದಲು.

ಆ ಋತುವಿಡೀ ಅವನ ಹಿತ್ತಿಲಿನಲ್ಲಿ ಹೊಗೆ ಏಳುತ್ತಿತ್ತು. ಅವನೇ ನೀರು ಸೇದಿದ, ಅವನೇ ಸೌದೆ ಒಡೆದ, ಅವನೇ ಒಲೆ ಊದಿದ. ಊದಿ ಊದಿ ಮುಖ ಕಾವಲಿಯ ತಳದಂತಾಯಿತು. ಮೊದಲ ಸಲ ಬೇಳೆ ಸೀದುಹೋಯಿತು, ಎರಡನೆಯ ಸಲ ಉಕ್ಕಿ ಒಲೆ ಆರಿಹೋಯಿತು. ಆಮೇಲಿನ ಸಲ ಬೇಳೆಯನ್ನೇ ಹಾಕಲು ಮರೆತ. ಮಂಡಿಯ ಮೂಟೆಗಳು ಒಂದೊಂದಾಗಿ ಖಾಲಿಯಾದವು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ತಾತನ ಕಾಲದ ದುಡಿಮೆ ಕರಗುತ್ತಿದ್ದರೂ ಅವನು ಜಗ್ಗಲಿಲ್ಲ. ಸುಟ್ಟ ಬೆರಳನ್ನು ಎಲ್ಲರೂ ಕಿವಿಗೆ ಒತ್ತಿಕೊಳ್ಳುತ್ತಾರಲ್ಲ, ಅವನು ಅದನ್ನೂ ಮಾಡುತ್ತಿರಲಿಲ್ಲ. ಕಿವಿಗೆ ಮಸಿ ಹತ್ತೀತೆಂದು ಬೆರಳನ್ನು ನೀರಿನಲ್ಲಿ ಅದ್ದಿ ಕುಣಿಯುತ್ತಿದ್ದ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ನೋಡಿ ನೋಡಿ ತಡೆಯಲಾರದೆ ಇಂಗಿನ ಡಬ್ಬಿ ಹಿಡಿದು ಒಳಗೆ ಬಂದಳು.

“ರೀ, ಒಂದು ಚೂರು ಇಂಗು ಹಾಕ್ತೀನಿ, ಸರ್ಕೊಳ್ಳಿ. ಬೀದಿ ನಾಯೀನೂ ಮೂಸಲ್ಲ ಇದನ್ನ.”

“ಬೇಡ. ನೀನು ಇವತ್ತು ಇಂಗು ಹಾಕ್ತೀಯ, ನಾಳೆ ಕಿವಿ ಹಿಂಡೋಕೆ ಬರ್ತೀಯ. ನಿಂದೊಂದು ದೂರು ಶುರುವಾದ್ರೆ ಈ ಜನ್ಮಕ್ಕೆ ಮುಗಿಯುತ್ತೇನೆ?”

“ಇಂಗು ತೆಂಗು ಇದ್ರೆ ಮಂಗಾನೂ ಅಡುಗೆ ಮಾಡುತ್ತಂತೆ. ನೀವು ಅದೂ ಇಲ್ಲದೆ ಮಾಡೋಕೆ ಹೊರಟಿದ್ದೀರಿ, ಮಂಗಕ್ಕಿಂತ ಜಾಣರು,” ಎಂದು ಅವಳು ಡಬ್ಬಿ ಮುಚ್ಚಿಕೊಂಡು ಹೋದಳು. ಅವಳು ಹೋದ ಮೇಲೆ ಉಮೇದುವಾರ ಸಾರಿನಲ್ಲಿ ತೇಲುತ್ತಿದ್ದ ಒಂದು ಕರಿಬೇವಿನ ಎಲೆಯನ್ನು ಕಂಡು, ತಾನು ಹಾಕಿದ್ದೋ ಅವಳು ಎಸೆದದ್ದೋ ತಿಳಿಯದೆ, ಆ ಸಾರನ್ನೆಲ್ಲ ಹಿತ್ತಿಲಿನ ಬಾಳೆಗಿಡಕ್ಕೆ ಸುರಿದು ಮೊದಲಿನಿಂದ ಶುರುಮಾಡಿದ.

ಆರಿಸುವ ದಿನ ಬಂತು. ಚಾವಡಿಯ ಮುಂದೆ ಎರಡು ಕೊಪ್ಪರಿಗೆಗಳು. ಒಂದು ಇವನದು. ಇನ್ನೊಂದು ಗಿಣಿಶಾಸ್ತ್ರದವನದು. ಅವನು ಗಿಣಿಯ ಪಂಜರ ಹೆಗಲಿಗೆ ಹಾಕಿಕೊಂಡು ಮನೆ ಮನೆ ತಿರುಗಿ ಸಾರು ಬೇಡಿದ್ದ. ಕೊಟ್ಟವರು ಕೊಟ್ಟಿದ್ದರು, ಅದು ಕತ್ತಿನವರೆಗೆ ಬಂದು ನಿಂತಿತ್ತು. ಉಮೇದುವಾರ ತನ್ನ ಸಾರನ್ನು ತಾನೇ ಸೌಟು ಸೌಟಾಗಿ ಹುಯ್ದ. ಪ್ರತಿ ಸೌಟಿಗೂ ಡಂಗುರದವನು ಒಂದು ಹುಣಸೆಬೀಜವನ್ನು ಚೀಲಕ್ಕೆ ಹಾಕಿದ, ಹಿಂಡುವ ಹಕ್ಕಿಗೆ ಅದೇ ಗುರುತು. ಚೀಲ ತುಂಬಿತು, ಇನ್ನೊಂದು ಚೀಲ ತಂದರು. ಸೂರ್ಯ ನೆತ್ತಿಯಿಂದ ಇಳಿಯುವ ಹೊತ್ತಿಗೆ ಕೊಪ್ಪರಿಗೆ ಅಂಚು ಮುಟ್ಟಿತು. ಉಮೇದುವಾರ ಗೆದ್ದ. ಕೈ ಎತ್ತಲಾಗದಷ್ಟು ನೋವಿದ್ದರೂ ಅವನ ಕಿವಿಗಳು ಮೊದಲಿನಂತೆ ತಣ್ಣಗೆ ನುಣ್ಣಗೆ ಇದ್ದವು. ಚಪ್ಪಾಳೆ ತಟ್ಟಿದವರೆಲ್ಲ ಎಲೆ ಹಾಕಿಕೊಂಡು ಕೂತು ಆ ಸಾರನ್ನೇ ಉಂಡರು, ಒಬ್ಬರೂ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಹೊಸ ಅಧ್ಯಕ್ಷ ಪೀಠದ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತ. ಡಂಗುರದವನು ಬಂದು ತಮಟೆ ಬಡಿದ.

“ಸಾರು ಕೊಟ್ಟವರು ಬಂದು ಕಿವಿ ಹಿಂಡಬೇಕು.”

ಯಾರೂ ಬರಲಿಲ್ಲ. ಅಧ್ಯಕ್ಷ ಮೀಸೆ ತಿರುವಿದ. ಡಂಗುರದವನು ಬೀಜದ ಚೀಲಗಳನ್ನು ದರದರ ಎಳೆದು ತಂದು ಪೀಠದ ಪಕ್ಕ ಇಟ್ಟ.

“ಧಣಿ, ಸಾರು ಕೊಟ್ಟವರು ನೀವು. ಹಿಂಡಬೇಕಾದವರು ನೀವು. ಒಂದೊಂದು ಬೀಜಕ್ಕೆ ಒಂದೊಂದು ಸಲ. ಹಿಂಡಿದಾಗೆಲ್ಲ ಒಂದು ದೂರು. ನಿಮ್ಮದೇ ದೂರಾಗಬೇಕು, ಹೇಳಿದ್ದನ್ನೇ ಹೇಳಬಾರದು, ಸಂಜೆ ಹೊತ್ತಿಗೆ ಕಿವಿ ಕೆಂಪಗಿರಬೇಕು.”

“ಒಂದು ದಿನ ದೂರಿಲ್ಲ ಅಂತ ಇಟ್ಕೋ?”

“ದೀಪ ಹಚ್ಚೋದ್ರೊಳಗೆ ಒಂದೂ ದೂರು ಬರಲಿಲ್ಲ ಅಂದ್ರೆ ಇಳೀಬೇಕು ಧಣಿ. ದೂರಿಲ್ಲದ ಊರಿಗೆ ಅಧ್ಯಕ್ಷ ಯಾಕೆ?”

ಅಧ್ಯಕ್ಷನಿಗೆ ಮೊದಲು ನಗು ಬಂತು. ಇದೆಂಥ ಶಿಕ್ಷೆ, ಇದು ವರ ಎಂದುಕೊಂಡ. ಎರಡು ಬೆರಳಿನಲ್ಲಿ ತನ್ನ ಕಿವಿಯ ತುದಿಯನ್ನು ಮೆಲ್ಲಗೆ ಹಿಡಿದು, ಹಾಲಿನ ಕೆನೆ ಎತ್ತುವಷ್ಟು ನಾಜೂಕಾಗಿ ಹಿಂಡಿ, “ನಮ್ಮ ಬೀದಿಯಲ್ಲಿ ನಾಯಿಗಳು ಬೊಗಳ್ತವೆ,” ಎಂದ.

“ಹೇಳಿದ್ದು ಆಗಬೇಕು,” ಎಂದು ತಮಟೆ ಬಡಿಯಿತು. ಊರಿನ ಗಂಡಸರೆಲ್ಲ ಕೆಲಸ ಬಿಟ್ಟು ನಾಯಿಗಳನ್ನು ಹಿಡಿದು, ಹೊಳೆಯಾಚೆ ಒಯ್ದು, ಅಲ್ಲಿ ಅವಕ್ಕೆ ಗುಡಿಸಲು ಕಟ್ಟಿಕೊಟ್ಟು ಬಂದರು.

ಮರುದಿನ ಕೋಳಿಗಳ ಸರದಿ. ಅವು ಅಧ್ಯಕ್ಷ ಏಳುವುದಕ್ಕೆ ಮೊದಲೇ ಕೂಗುತ್ತಿದ್ದವು. ಊರಿನ ಕೋಳಿಗಳನ್ನೆಲ್ಲ ಬುಟ್ಟಿಯಡಿ ಮುಚ್ಚಿಟ್ಟರು. ಊರೇ ಹೊತ್ತು ಏರಿದ ಮೇಲೆ ಎದ್ದು, ಹಾಲು ಕರೆಯುವುದು ತಡವಾಗಿ, ಹಸುಗಳು ಒದೆಯತೊಡಗಿದವು. ಅದಾದ ಮೇಲೆ ಬೀದಿಯ ಇಳಿಜಾರಿನಿಂದ ಅವನ ಬಲಗಾಲಿನ ಚಪ್ಪಲಿ ಬೇಗ ಸವೆಯುತ್ತಿತ್ತು. ಬೀದಿ ಸಮ ಮಾಡಿದರು, ಮಳೆನೀರು ಹೋಗಲು ಜಾಗವಿಲ್ಲದೆ ಕುಂಬಾರಬೀದಿಗೆ ನುಗ್ಗಿತು. ಸಂಜೆಯ ಹೊತ್ತು ಗುಡ್ಡದ ನೆರಳು ಅವನ ಜಗುಲಿಯ ಮೇಲೆ ಬೀಳುತ್ತಿತ್ತು. ಗುಡ್ಡ ಕಡಿಯಲಾಗದೆ ಜಗುಲಿಯನ್ನೇ ಎತ್ತಿ ಆಚೆ ಇಟ್ಟರು, ಆಮೇಲೆ ಮನೆಯಿಂದ ಜಗುಲಿಗೆ ಹೋಗಲು ಛತ್ರಿ ಬೇಕಾಯಿತು. ದಿಂಬು ಎತ್ತರ, ಉಪ್ಪಿನಕಾಯಿ ಖಾರ, ಭಾವಮೈದುನನ ಗೊರಕೆ, ಎಲ್ಲ ದೂರಾಯಿತು, ಎಲ್ಲಕ್ಕೂ ಪರಿಹಾರವಾಯಿತು. ಪಾಪ, ಭಾವಮೈದುನನನ್ನು ಕೂತೇ ಮಲಗಲು ಕಲಿಸಿದರು.

ಕಿವಿ ಮಾತ್ರ ಕೆಂಪಾಗಲಿಲ್ಲ. ಎಷ್ಟಾದರೂ ತನ್ನದೇ ಕೈ, ತನ್ನದೇ ಕಿವಿ. ಹಿಂಡಲು ಹೋದ ಬೆರಳು ಅಲ್ಲಿ ಮುಟ್ಟಿದೊಡನೆ ಸವರತೊಡಗುತ್ತಿತ್ತು. ಸಂಜೆಯಾಗುತ್ತಲೇ ಅಧ್ಯಕ್ಷ ಒಳಗೆ ಹೋಗಿ ಕಿವಿಗೆ ಒಂದಿಷ್ಟು ಕುಂಕುಮ ಹಚ್ಚಿಕೊಂಡು ಬರುತ್ತಿದ್ದ. ಡಂಗುರದವನು ನೋಡುತ್ತಿದ್ದ, ಊರು ನೋಡುತ್ತಿತ್ತು. ಬೆವರಿಗೆ ಕುಂಕುಮ ಕರಗಿ ಅಂಗಿಯ ಕೊರಳಪಟ್ಟಿಗೆ ಇಳಿದರೂ ಯಾರೂ ಏನೂ ಅನ್ನಲಿಲ್ಲ. ಅನ್ನುವುದಕ್ಕೆ ಅವರ ಸೌಟು ಅವನ ಕೊಪ್ಪರಿಗೆಗೆ ಬಿದ್ದಿರಲಿಲ್ಲವಲ್ಲ.

ಹೀಗೆ ದಿನ ಕಳೆದಂತೆ ಅವನ ದೂರುಗಳು ತೀರುತ್ತಾ ಬಂದವು. ಒಬ್ಬ ಮನುಷ್ಯನಿಗೆ, ಅದೂ ಹೊಟ್ಟೆ ತುಂಬಿದ ಮನುಷ್ಯನಿಗೆ, ಎಷ್ಟು ತಾನೇ ದೂರು ಇರಲು ಸಾಧ್ಯ? ಬೀಜದ ಚೀಲ ನೋಡಿದರೆ ಇನ್ನೂ ಮೇಲುಮೇಲಷ್ಟೇ ಖಾಲಿಯಾಗಿತ್ತು. ಅಧ್ಯಕ್ಷನಿಗೆ ಹೆದರಿಕೆ ಹತ್ತಿತು. ಇಷ್ಟು ಹೊಗೆ ಕುಡಿದು, ತಾತನ ಮಂಡಿ ಬರಿದು ಮಾಡಿ ಹತ್ತಿದ ಪೀಠ, ಒಂದು ದೂರಿಲ್ಲದೆ ಕೈಬಿಟ್ಟು ಹೋಗುವುದೇ? ಪೀಠವೂ ಹೋಗಿ ಬೇಳೆಯೂ ಹೋದರೆ ಅವನಿಗೆ ಉಳಿಯುವುದು ಎರಡು ಕಿವಿ ಮಾತ್ರ.

ಜನರ ದೂರು ಕೇಳಿ ತಿಳಿದುಕೊಂಡರೆ ಅದರಿಂದ ತನಗೂ ಒಂದು ದೂರು ಹುಟ್ಟೀತು ಎಂದುಕೊಂಡು ಅವನು ಬೀದಿಗಿಳಿದ. ಮೊದಲು ಸಿಕ್ಕವಳು ಹಪ್ಪಳದ ಮುದುಕಿ. ಅವಳು ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ ಒಣಗಿಸಿ, ಕೋಲು ಹಿಡಿದು ಕಾಗೆ ಓಡಿಸುತ್ತಿದ್ದಳು. ಒಂದು ಮೂಲೆಯಿಂದ ಓಡಿಸಿದರೆ ಇನ್ನೊಂದು ಮೂಲೆಗೆ ಬರುತ್ತಿದ್ದವು.

“ಹೇಗಿದ್ದೀರಮ್ಮಾ? ಏನಾದ್ರೂ ತೊಂದರೆ?”

“ನಮಗೇನು ಧಣಿ, ಚೆನ್ನಾಗಿದೀವಿ,” ಎಂದಳು ಮುದುಕಿ. ಹಿಂದಿನಿಂದ ಒಂದು ಕಾಗೆ ಹಪ್ಪಳ ಕಚ್ಚಿಕೊಂಡು ಹಾರಿತು.

“ಕಾಗೆ ಕಾಟ ಹೆಚ್ಚಾಗಿರೋ ಹಾಗಿದೆ?”

“ಕಾಗೇನೂ ಚೆನ್ನಾಗಿದಾವೆ ಧಣಿ.”

ಕುಂಬಾರಬೀದಿಗೆ ಹೋದ. ಮೊಣಕಾಲು ನೀರಿನಲ್ಲಿ ನಿಂತು ಕುಂಬಾರನೊಬ್ಬ ತೇಲುವ ಮಡಕೆಗಳನ್ನು ಹಿಡಿಯುತ್ತಿದ್ದ. ಅವನೂ ಕೈ ಮುಗಿದು, “ಚೆನ್ನಾಗಿದೀವಿ,” ಎಂದ. ಹಸು ಒದ್ದು ಕಾಲು ಮುರಿದುಕೊಂಡವನೂ ಮಲಗಿದಲ್ಲಿಂದಲೇ ಚೆನ್ನಾಗಿದೀನಿ ಎಂದ. ಒಬ್ಬರ ಮುಖದಲ್ಲೂ ಸಿಟ್ಟಿರಲಿಲ್ಲ, ಅಡುಗೆಮನೆಯ ಹೊಸಿಲ ಹೊರಗೆ ಚಪ್ಪಲಿ ಬಿಟ್ಟು ನಿಂತವರ ಮರ್ಯಾದೆ ಮಾತ್ರ ಇತ್ತು. ಅಧ್ಯಕ್ಷ ಮನೆಗೆ ಬಂದು ಹೆಂಡತಿಯನ್ನು ಕೇಳಿದ.

“ನೀನಾದ್ರೂ ಹೇಳೇ. ನಾನು ಹೇಗೆ ನಡೆಸ್ತಾ ಇದೀನಿ?”

ಅವಳು ಅವನ ಕಿವಿಯನ್ನೊಮ್ಮೆ ನೋಡಿ, ತನ್ನ ಕೈಯನ್ನೊಮ್ಮೆ ನೋಡಿಕೊಂಡು, “ಚೆನ್ನಾಗಿ ನಡೆಸ್ತಾ ಇದೀರಿ,” ಎಂದು ತಟ್ಟೆ ಹಾಕಿದಳು. ಮದುವೆಯಾದಾಗಿನಿಂದ ಅವಳು ಅವನನ್ನು ಹೊಗಳಿದ್ದು ಅದೇ ಮೊದಲು. ಅಧ್ಯಕ್ಷ ತಟ್ಟೆ ಮುಟ್ಟದೆ ಎದ್ದುಬಿಟ್ಟ. ಅಷ್ಟು ಭಯವಾಯಿತು ಅವನಿಗೆ.

ಕೊನೆಗೆ ಆ ದಿನ ಬಂದೇಬಿಟ್ಟಿತು. ಬೆಳಿಗ್ಗೆ ಪೀಠದ ಮೇಲೆ ಕೂತು ಕಿವಿ ಹಿಡಿದರೆ ಹೇಳುವುದಕ್ಕೆ ಏನೂ ಇಲ್ಲ. ನಾಯಿ ಇಲ್ಲ, ಕೋಳಿ ಇಲ್ಲ, ಗೊರಕೆ ಇಲ್ಲ, ದಿಂಬು ಸರಿಯಾಗಿದೆ. ಊರಿನವರೆಲ್ಲ ಕಡಲೆಕಾಯಿ ಸುಲಿದುಕೊಂಡು ಎದುರಿಗೆ ಕೂತರು. ಹೊತ್ತು ಏರಿತು, ಹೊತ್ತು ಇಳಿಯತೊಡಗಿತು. ಗಿಣಿಶಾಸ್ತ್ರದವನು ಯಾತಕ್ಕೂ ಇರಲಿ ಎಂದು ತನ್ನ ಕೊಪ್ಪರಿಗೆಯನ್ನು ಉಜ್ಜಿ ತೊಳೆಯತೊಡಗಿದ. ಡಂಗುರದವನು ಹಣತೆಗೆ ಬತ್ತಿ ಹೊಸೆಯುತ್ತಾ, “ಧಣಿ, ಏನಾದ್ರೂ,” ಎಂದ.

ಅಧ್ಯಕ್ಷ ಎದುರಿಗೆ ಕೂತ ಮುಖಗಳನ್ನು ನೋಡಿದ. ಇಷ್ಟು ಜನ, ಇಷ್ಟು ಬಾಯಿ, ಎಲ್ಲ ಕಡಲೆಕಾಯಿ ಅಗಿಯುತ್ತಿವೆ. ಇದ್ದಕ್ಕಿದ್ದಂತೆ ಅವನಿಗೆ ಅಳು ಬಂದಂತಾಯಿತು. ಸಣ್ಣವನಿದ್ದಾಗ ಶಾಲೆಯಲ್ಲಿ ಉಳಿದ ಮಕ್ಕಳೆಲ್ಲ ಕೆಂಪು ಕಿವಿ ಉಜ್ಜಿಕೊಂಡು ಒಟ್ಟಿಗೆ ನಗುತ್ತಾ ಮನೆಗೆ ಹೋಗುವಾಗ ತಾನೊಬ್ಬನೇ ಹಿಂದೆ ಉಳಿಯುತ್ತಿದ್ದೆ ಎನ್ನುವುದು ಎಲ್ಲಿಂದಲೋ ಬಂದು ಎದೆಗೆ ಕೂತಿತು. ಕಿವಿ ಹಿಡಿದುಕೊಂಡೇ ಅವನು ಹೇಳಿದ.

“ನನಗೆ ಯಾರೂ ಏನೂ ಹೇಳಲ್ಲ.”

ಡಂಗುರದವನು ಹೊಸೆಯುತ್ತಿದ್ದ ಬತ್ತಿ ಕೆಳಗೆ ಬಿತ್ತು. ಆದರೆ ದೂರು ದೂರೇ. ಅವನು ಎದ್ದು ತಮಟೆ ಬಡಿದ. “ಹೇಳಿದ್ದು ಆಗಬೇಕು. ಅಧ್ಯಕ್ಷರಿಗೆ ಊರೆಲ್ಲ ದೂರು ಹೇಳಬೇಕು. ದೀಪ ಹಚ್ಚೋದ್ರೊಳಗೆ ಆಗಬೇಕು. ಆಗದಿದ್ದರೆ ಅಧ್ಯಕ್ಷ ಇಳಿಯಬೇಕು.”

ಜನ ಗಡಿಬಿಡಿಯಿಂದ ಎದ್ದು ಸಾಲು ನಿಂತರು. ಎಲ್ಲರ ಮುಂದೆ ಹಪ್ಪಳದ ಮುದುಕಿ. ಅವಳು ಬಾಯಿ ತೆರೆದಳು, ಮಾತು ಬರಲಿಲ್ಲ. ಕೆಮ್ಮಿ ಮತ್ತೆ ತೆರೆದಳು, ಆಗಲೂ ಬರಲಿಲ್ಲ. ಬರುವುದಾದರೂ ಹೇಗೆ, ಆ ಊರಿನಲ್ಲಿ ಹುಟ್ಟಿದವರು ಯಾರೂ ಕಿವಿ ಹಿಡಿಯದೆ ದೂರು ಹೇಳಿದವರೇ ಅಲ್ಲ. ಬೆರಳಿಗೆ ಕಿವಿ ಸಿಗದೆ ನಾಲಿಗೆ ಏಳುತ್ತಿರಲಿಲ್ಲ. ಹಿಂದೆ ನಿಂತಿದ್ದ ಕುಂಬಾರ ಅಭ್ಯಾಸಕ್ಕಿರಲಿ ಎಂದು ಮುಂದಿದ್ದವನ ಕಿವಿ ಹಿಡಿದ. ತಕ್ಷಣ ಅವನ ಬಾಯಿಂದ, “ನೀರು ನುಗ್ಗಿ ಮಡಕೆಯೆಲ್ಲ ಹೋಯ್ತು,” ಎಂದು ಬಂದೇಬಿಟ್ಟಿತು. ಅದನ್ನು ಕಂಡು ಎಲ್ಲರೂ ಮುಂದಿನವರ ಕಿವಿ ಹಿಡಿದರು. ಹಸು ಒದ್ದವನನ್ನು ಮಂಚದ ಸಮೇತ ಹೊತ್ತು ತಂದು ಸಾಲಿಗೆ ಸೇರಿಸಿದರು. ಚಾವಡಿಯಿಂದ ಹೊಳೆಯವರೆಗೆ ಒಬ್ಬರ ಕಿವಿ ಇನ್ನೊಬ್ಬರ ಕೈಯಲ್ಲಿ. ಹಾಲು, ನೀರು, ಕೋಳಿ, ಗೋಡೆ, ಸೊಸೆ, ಸಾರು, ಎಲ್ಲರ ದೂರೂ ಒಟ್ಟಿಗೆ ಎದ್ದು ಊರು ಗಿಜಿಗುಟ್ಟಿತು. ಅಧ್ಯಕ್ಷನ ಹೆಂಡತಿ ಮುಂದೆ ನುಗ್ಗಿ ಬಂದು ಮುದುಕಿಯ ಕಿವಿ ಹಿಡಿದು ತನ್ನದೆಲ್ಲವನ್ನೂ ಅವಳಿಗೆ ಸುರಿಯುತ್ತಿದ್ದಳು.

ಆದರೆ ಆ ದೂರೆಲ್ಲ ಒಬ್ಬರಿಂದ ಒಬ್ಬರಿಗೆ ದಾಟಿ ಬಂದು ಮುದುಕಿಯ ಹತ್ತಿರ ನಿಂತುಬಿಟ್ಟಿತ್ತು. ಅವಳ ಕೈ ಅಧ್ಯಕ್ಷನ ಕಿವಿಯ ಎದುರು ಗಾಳಿಯಲ್ಲಿ ನಿಂತಿತ್ತು. ಮುಂದಕ್ಕೆ ಹೋಗುವ ಹಕ್ಕು ಆ ಕೈಗಿರಲಿಲ್ಲ.

ಅಧ್ಯಕ್ಷ ಆ ಕೈಯನ್ನು ನೋಡಿದ. ಹಪ್ಪಳ ಒತ್ತಿ ಒತ್ತಿ ಗಟ್ಟಿಯಾದ ಬೆರಳುಗಳು. ಅವನ ಕಿವಿಗಳು ತಮ್ಮಷ್ಟಕ್ಕೆ ತಾವೇ ನಡುಗಿದವು. ಹಣತೆಗೆ ಡಂಗುರದವನು ಎಣ್ಣೆ ಹುಯ್ಯುತ್ತಿದ್ದ.

“ಏನಯ್ಯಾ,” ಎಂದು ಅಧ್ಯಕ್ಷ ಅವನನ್ನು ಕೇಳಿದ, “ಕೊಪ್ಪರಿಗೆ ತುಂಬಿದ ಮೇಲೆ ಯಾರಾದ್ರೂ ಸಾರು ಕೊಡಬಹುದೋ?”

ಡಂಗುರದವನು ಕಟ್ಟಳೆಯನ್ನು ಮನಸ್ಸಿನಲ್ಲೇ ಮೊದಲಿನಿಂದ ಕೊನೆಯವರೆಗೆ ಹೇಳಿಕೊಂಡ. “ಕೊಪ್ಪರಿಗೆಗೆ ಹುಯ್ಯೋ ಹಾಗಿಲ್ಲ ಧಣಿ. ಅಧ್ಯಕ್ಷರ ಹೊಟ್ಟೆಗೆ ಹುಯ್ಯಬಾರದು ಅಂತ ಎಲ್ಲೂ ಇಲ್ಲ.”

ಅಧ್ಯಕ್ಷ ಮುದುಕಿಯ ಕಡೆ ತಿರುಗಿದ.

“ಅಮ್ಮಾ, ಇವತ್ತು ನಿಮ್ಮನೇಲಿ ಏನು ಸಾರು?”

“ಹುರುಳಿ ಸಾರು ಧಣಿ. ನಿನ್ನೇದು.”

“ಒಂದು ಸೌಟು ಕೊಡ್ತೀರಾ?”

ಮುದುಕಿ ಗಾಳಿಯಲ್ಲಿದ್ದ ಕೈ ಇಳಿಸಿ ಮನೆಗೆ ಹೋದಳು. ಅವಳ ಕಿವಿ ಹಿಡಿದಿದ್ದ ಅಧ್ಯಕ್ಷನ ಹೆಂಡತಿಯೂ ಹಾಗೇ ಹೋಗಿ ಹಾಗೇ ಬಂದಳು. ಸೌಟಿನ ತುಂಬ ಸಾರು. ಅಧ್ಯಕ್ಷ ಪೀಠದಿಂದ ಮುಂದಕ್ಕೆ ಬಾಗಿ, ಎರಡೂ ಕೈಯಲ್ಲಿ ಸೌಟು ಹಿಡಿದು, ಒಂದು ತೊಟ್ಟು ಬಿಡದೆ ಕುಡಿದ. ಆ ವರ್ಷ ಅವನ ನಾಲಿಗೆಗೆ ಬಿದ್ದ ಮೊದಲ ಪರರ ಮನೆ ಸಾರು ಅದು. ಎಷ್ಟು ರುಚಿಯಿತ್ತೆಂದರೆ ಅವನಿಗೆ ಒಂದು ಗಳಿಗೆ ಕಿವಿಯ ನೆನಪೇ ಹೋಯಿತು.

ನೆನಪಾಗುವಷ್ಟರಲ್ಲಿ ಮುದುಕಿ ಹಿಡಿದಾಗಿತ್ತು.

ಅಯ್ಯೋ, ಆ ಹಿಡಿತವೇ. ಹೆಬ್ಬೆರಳು ಒಳಗೆ, ತೋರುಬೆರಳು ಹೊರಗೆ, ನಡುವೆ ಸಿಕ್ಕ ಕಿವಿಗೆ ಹೋಗಲು ದಾರಿಯಿಲ್ಲ. ಅವಳು ಒಂದು ಸುತ್ತು ತಿರುವಿದಳು. ಅಧ್ಯಕ್ಷನ ಕಣ್ಣಿಂದ ನೀರು ಧಾರಾಕಾರವಾಗಿ ಸುರಿಯಿತು. ಕಿವಿ ಬುಡದಿಂದ ತುದಿಯವರೆಗೆ ಮೆಣಸಿನಕಾಯಿಯಂತೆ ಕೆಂಪಾಯಿತು. ತನಗೆ ಒಂದು ಕಿವಿಯಿದೆ ಎನ್ನುವುದು ಅವನಿಗೆ ಆ ಹೊತ್ತಿಗೆ ಗೊತ್ತಾದಷ್ಟು ಹಿಂದೆಂದೂ ಗೊತ್ತಾಗಿರಲಿಲ್ಲ. ಮುದುಕಿಯ ಬಾಯಿ ತೆರೆಯಿತು. ಕಾಗೆಯಿಂದ ಶುರುವಾಗಿ ಅವಳ ಮಾತು, ತನ್ನವರೆಗೆ ದಾಟಿ ಬಂದ ಊರಿನ ದೂರನ್ನೆಲ್ಲ ಹೊತ್ತು, ನಾಯಿಗಳಿಗೆ ಹೋಗಿ, ಹೊಳೆ ದಾಟಿ, ಕುಂಬಾರಬೀದಿಯ ನೀರಿಗೆ ಇಳಿಯಿತು. ಸಾಲಿನಲ್ಲಿದ್ದವರೆಲ್ಲ ಇದ್ದಲ್ಲಿಂದಲೇ ತಂತಮ್ಮ ಮನೆಯ ಕಡೆ ಸೌಟು ತರಲು ಓಡಿದರು. ಎಣ್ಣೆ ವರ್ತಕರೂ ತಮ್ಮ ದೋಣಿಸೌಟಿನ ಕಡೆ ಓಡಲು ನೋಡಿದರು. ಅಧ್ಯಕ್ಷನ ಹೆಂಡತಿ, “ನೀವು ಮನೆಯಲ್ಲಿ ಉಣ್ಣೋ ಸೌಟು ತನ್ನಿ ಸಾಕು,” ಎಂದು ಗದರಿ, ಇನ್ನೊಂದು ಕಿವಿ ತನಗೇ ಇರಲಿ ಎನ್ನುವಂತೆ ಆ ಬದಿಗೆ ಹೋಗಿ ನಿಂತಳು.

“ಅಮ್ಮಾ, ಸ್ವಲ್ಪ ಮೆತ್ತಗೆ,” ಎಂದ ಅಧ್ಯಕ್ಷ, ನೋವು ತಾಳಲಾರದೆ.

“ಮೆತ್ತಗೆ ಹಿಂಡಿದ್ರೆ ನಿಮಗೆ ಕೇಳ್ಸುತ್ತಾ?” ಎಂದಳು ಮುದುಕಿ, ಮತ್ತು ಕಾಗೆಯ ವಿಷಯವನ್ನು ಮೊದಲಿನಿಂದ ಶುರುಮಾಡಿದಳು.

ಡಂಗುರದವನು ದೀಪ ಹಚ್ಚಿದ. ಅಧ್ಯಕ್ಷ ಪೀಠದಲ್ಲೇ ಬಾಗಿ ಕೂತು ಕೇಳಿದ. ಕೇಳದೆ ಬೇರೆ ದಾರಿಯಿರಲಿಲ್ಲ, ಕಿವಿ ಅವಳ ಕೈಯಲ್ಲಿತ್ತು.